ಹನ್ನೊಂದನೆಯ ಹಲಗೆ

"ಹತ್ತು ಹಲಗೆ ಏನಾದ್ರೂ ಮಾಡ್ಕೊಳ್ಳಿ ಸಾಹೇಬ್ರೇ. ಹನ್ನೊಂದನೇದರ ಮೇಲೆ ಮಾತ್ರ ಯಾರ ಹೆಸರೂ ಬರೀಬೇಡಿ."

ಬಡಗಿ ತಾತನ ಮಾತಿಗೆ ಎಂಜಿನಿಯರ್ ನಕ್ಕುಬಿಟ್ಟ. ಪಾಳುಬಿದ್ದ ದೊಡ್ಡ ಬೀದಿಗೆ ಮತ್ತೆ ಜೀವ ತುಂಬುವ ಕೆಲಸ ಹಿಡಿದು ಅವನು ಬಂದು ಎರಡು ತಿಂಗಳಾಗಿತ್ತು. ಹೊಸ ಕಲ್ಲುಹಾಸು, ದೀಪದ ಕಂಬ, ಗಾಜಿನ ಬಾಗಿಲು. ಇಪ್ಪತ್ತು ಮಳಿಗೆಗಳಲ್ಲಿ ಹತ್ತೊಂಬತ್ತು ಸಿದ್ಧ. ಉಳಿದದ್ದು ಮೂಲೆಯ ಅಂಗಡಿ, ಹಿಂದೊಮ್ಮೆ ಬೀಗದ ವ್ಯಾಪಾರಿಯದು. ಅದನ್ನು ಅವನು ತನ್ನ ತಂಗಿಗೇ ಕೊಡಿಸಿದ್ದ. ಅಣ್ಣನ ಮಾತು ನಂಬಿ ಅವಳು ಇದ್ದ ಕೆಲಸ ಬಿಟ್ಟು, ಬ್ರೆಡ್ ಮಾಡುವ ಒಲೆಯ ಸಮೇತ ಬಂದಿಳಿದಿದ್ದಳು.

ಆ ಅಂಗಡಿಗೆ ಶಟರ್ ಇರಲಿಲ್ಲ. ಮೇಲೂ ಕೆಳಗೂ ಕೊರೆದ ಸೀಳಿನಲ್ಲಿ ಒಂದೊಂದಾಗಿ ಜಾರಿಸಿ ಮುಚ್ಚುವ ಹನ್ನೊಂದು ಹಲಗೆಗಳು. ಹತ್ತರ ಬೆನ್ನಲ್ಲಿ ಒಂದೊಂದು ಹೆಸರು, ಹೆಸರಿನ ನಡುವೆ ಒಂದು ತುಕ್ಕು ಮೊಳೆ.

"ಎಲ್ಲಾ ಅಕ್ಕಪಕ್ಕದ ಅಂಗಡಿಯವರು," ಎಂದ ತಾತ, ದನಿ ತಗ್ಗಿಸಿ. "ವ್ಯಾಪಾರ ಬಿದ್ದೋಯ್ತು ಅಂತ ಆ ಬೀಗದವನು ಮಾಟ ಮಾಡಿಸ್ದ. ಒಂದೊಂದು ಹಲಗೆ ಮುಚ್ಚಿದಾಗ್ಲೂ ಒಬ್ಬೊಬ್ರು ಕಾಣೆ. ಕೊನೇದು ಖಾಲಿ ಇದ್ದಾಗ್ಲೇ ಅವನು ಸತ್ತ. ಅದಕ್ಕಿನ್ನೂ ಹಸಿವಿದೆ."

"ಹಲಗೆಗೆ ಹೊಟ್ಟೆ ಎಲ್ಲಿರುತ್ತೆ ತಾತ?"

ತಾತ ನಗಲಿಲ್ಲ. ಆ ಬೀದಿಯ ಹಳಬರು ಯಾರೂ ಹೆಸರು ಹೇಳುತ್ತಿರಲಿಲ್ಲ; ಟೈಲರ್ ಎಂದರೆ ಟೈಲರ್, ಬಡಗಿ ಎಂದರೆ ಬಡಗಿ. ಎಂಜಿನಿಯರ್‌ಗೆ ಅದೇ ಒಂದು ತಲೆನೋವು. ಬಿಚ್ಚಿದ ಪ್ರತಿ ಬಾಗಿಲಿನ ಮೇಲೂ, ಅದಲುಬದಲಾಗದಂತೆ, ಯಜಮಾನರ ಪೂರ್ತಿ ಹೆಸರನ್ನು ಕಪ್ಪು ಬಣ್ಣದಲ್ಲಿ ಬರೆಸುವುದು ಅವನ ಪದ್ಧತಿ. ಹನ್ನೊಂದನೆಯ ಹಲಗೆ ನುಣುಪಾಗಿತ್ತು. ಅದರ ಮೇಲೆ ತಂಗಿಯ ಹೆಸರನ್ನು ಅವನೇ ದುಂಡಗೆ ಬರೆದ.

ಮರುದಿನ ಬೆಳಿಗ್ಗೆ ಬಂದು ನೋಡಿದರೆ, ಬಿಚ್ಚಿ ಹಿತ್ತಲಿಗೆ ಸಾಗಿಸಿದ್ದ ಹತ್ತೂ ಹಲಗೆಗಳು ಸೀಳಿನಲ್ಲಿ ನೆಟ್ಟಗೆ ನಿಂತಿದ್ದವು. ತಂಗಿಯ ಹೆಸರಿನದು ಮಾತ್ರ ಮೆಟ್ಟಿಲ ಮೇಲೆ ಮಲಗಿತ್ತು. ಸುತ್ತ ಆಗತಾನೆ ಹೆರೆದ ಮರದ ಹೊಟ್ಟು. ಗಾಳಿಯಲ್ಲಿ ತುಕ್ಕಿನ ವಾಸನೆ, ಅದರಡಿಯಲ್ಲಿ ಕೂದಲು ಸುಟ್ಟ ನಾತ. ಮತ್ತೆ ಬಿಚ್ಚಿಸಿ ಹಿತ್ತಲಿಗೆ ಸಾಗಿಸಿದರೂ ಎರಡನೆಯ ಬೆಳಿಗ್ಗೆಯೂ ಅದೇ ಕತೆ.

ಉಳಿ, ಮರ ಹೆರೆಯುವ ಹತ್ತರಿ ಇರುವುದು ಯಾರ ಬಳಿ? ಅಂಗಡಿ ತೆರೆಯುವುದು ಬೇಡವಾಗಿದ್ದದ್ದು ಯಾರಿಗೆ? ಎರಡು ತಿಂಗಳಿಂದ ಹಾಜರಿ ಪುಸ್ತಕದಲ್ಲಿ ಬರೀ ಹೆಬ್ಬೆಟ್ಟು ಒತ್ತುತ್ತಿದ್ದವನು ಯಾರು? ಎಂಜಿನಿಯರ್‌ನ ಅನುಮಾನ ಹುಣ್ಣಿನಂತೆ ಬಲಿಯಿತು. ತಾತನನ್ನು ಕರೆಸಿ ಪುಸ್ತಕ ಮುಂದಿಟ್ಟ.

"ಹೆಸರು ಬರೀರಿ. ಇಲ್ಲಾಂದ್ರೆ ನಾಳೆಯಿಂದ ಬರಬೇಡಿ."

ತಾತ ಪೆನ್ನು ಕೈಗೆತ್ತಿಕೊಂಡ. ಒಂದೊಂದೇ ಅಕ್ಷರವಾಗಿ ತನ್ನ ಹೆಸರು ಬರೆದ.

ಮೂರನೆಯ ದಿನ ಸಂಜೆ, ದೀಪ ಹಚ್ಚುವ ಹೊತ್ತು. ತಂಗಿ ಒಳಗೆ ಮೊದಲ ಸಲ ಒಲೆ ಹೊತ್ತಿಸಿದ್ದಳು. ಹಿಟ್ಟು ಉಬ್ಬುವ ಹಿತವಾದ ವಾಸನೆ ಬೀದಿಗೂ ಬರುತ್ತಿತ್ತು. ಮೆಟ್ಟಿಲ ಮೇಲೆ ತಾತ ಕೂತು ಹನ್ನೊಂದನೆಯ ಹಲಗೆಯನ್ನು ಹತ್ತರಿಯಲ್ಲಿ ಉಜ್ಜುತ್ತಿದ್ದ. ಎಂಜಿನಿಯರ್ ಅವನ ರಟ್ಟೆ ಹಿಡಿದೆಳೆದ.

"ಕೊನೆಗೂ ಸಿಕ್ಕಿಬಿದ್ರಿ."

"ಬಿಡಿ ಸಾಹೇಬ್ರೇ. ಮೂರು ದಿನದಿಂದ ಹೆಸರು ಕೆತ್ತಿ ತೆಗೀತಾ ಇದೀನಿ. ಅಕ್ಷರ ಇನ್ನೂ ಆಳಕ್ಕಿಳೀತಾ ಇದೆ."

ಹಿಂದೆ ಏನೋ ಜಾರಿದ ಸದ್ದು. ಮರಕ್ಕೆ ಮರ ತಾಗಿದ ಸದ್ದು. ಹಿತ್ತಲಲ್ಲಿದ್ದ ಮೊದಲ ಹಲಗೆ ಸೀಳಿನಲ್ಲಿ ನಿಂತಿತ್ತು. ಅದನ್ನು ಮುಟ್ಟಿದವರು ಯಾರೂ ಇಲ್ಲ. ಎರಡನೆಯದು. ಮೂರನೆಯದು. ಒಳಗಿನ ಬೆಳಕು ಕಿರಿದಾಯಿತು. ಎಂಜಿನಿಯರ್ ಓಡಿದ. ಎಂಟು. ಒಂಬತ್ತು. ತಂಗಿಯ ಕೈ ಹೊರಗೆ ಚಾಚಿತು. ಬೆರಳ ತುಂಬ ಹಿಟ್ಟು. ಅವನು ಹಿಡಿದ. ಜಾರಿತು. ಹತ್ತು. ಮೆಟ್ಟಿಲ ಮೇಲಿನ ಹಲಗೆ ತಾನಾಗಿ ಎದ್ದು ನಿಂತು ಜಾರಿ ಕೂತಿತು.

"ಅಣ್ಣಾ, ಉಸಿರು ಕಟ್ತಾ ಇದೆ."

ಅವನು ಒದ್ದ, ಗುದ್ದಿದ. ಹಲಗೆ ಬಂಡೆಯಾಗಿತ್ತು. ಹೆಸರಿನ ನಡುವೆ ಮರವನ್ನು ಸೀಳಿಕೊಂಡು ಮೊಳೆಯ ತುದಿಯೊಂದು ಮೆಲ್ಲಗೆ ಹೊರಬರುತ್ತಿತ್ತು.

"ಏನು ಮಾಡ್ಲಿ ತಾತ?"

"ಅದರ ಮೇಲೆ ಇನ್ನೊಂದು ಹೆಸರು ಬೀಳಬೇಕು," ಎಂದ ತಾತ, ಕಪ್ಪು ಬಣ್ಣದ ಡಬ್ಬಿಯನ್ನೂ ಕುಂಚವನ್ನೂ ಅವನ ಕೈಗಿಟ್ಟು. "ತಂಗಿ ಅಲ್ವಾ, ಬರೀರಿ."

ಎಂಜಿನಿಯರ್ ಕುಂಚ ಅದ್ದಿದ. ತನ್ನ ಹೆಸರಿನ ಮೊದಲಕ್ಷರಕ್ಕೆ ಕೈ ಎತ್ತಿದ. ಒಳಗೆ ತಂಗಿ ಕೆಮ್ಮುತ್ತಿದ್ದಳು. ಕೈ ಮುಂದೆ ಹೋಗಲಿಲ್ಲ. ಅವನಿಗೆ ಭಯವಾಯಿತು, ಬರೀ ಭಯ. ಬಗಲ ಚೀಲದಲ್ಲಿ ಹಾಜರಿ ಪುಸ್ತಕವಿತ್ತು.

ತಾತನ ಹೆಸರು ಅವನಿಗೆ ಈಗ ಗೊತ್ತಿತ್ತು.

ನಾಲ್ಕು ಅಕ್ಷರ, ಬರೆದುಬಿಟ್ಟ. ಹಲಗೆಗಳೆಲ್ಲ ದಡದಡನೆ ಕಳಚಿ ಬಿದ್ದವು. ತಂಗಿ ಹೊಗೆಯೊಳಗಿಂದ ತೆವಳಿ ಹೊರಬಂದಳು. ಮೆಟ್ಟಿಲ ಮೇಲೆ ಹತ್ತರಿಯೊಂದೇ ಉಳಿದಿತ್ತು, ಹಿಡಿ ಇನ್ನೂ ಬೆಚ್ಚಗಿತ್ತು.

ಅವಳು ಹಲಗೆಯ ಮೇಲಿನ ಹಸಿ ಬಣ್ಣವನ್ನು ಓದಿದಳು. ಆಮೇಲೆ ಅಣ್ಣನ ಕೈಯ ಕುಂಚವನ್ನು ನೋಡಿದಳು.

"ಇದು ಯಾರ ಹೆಸರು?"

ಅವನು ಕುಂಚವನ್ನು ಬೆನ್ನ ಹಿಂದೆ ಸರಿಸಿದ. ಅವಳು ಅಣ್ಣನನ್ನು ಕೇಳಿದ ಕೊನೆಯ ಪ್ರಶ್ನೆ ಅದು.

ದೊಡ್ಡ ಬೀದಿ ಈಗ ತುಂಬಿ ತುಳುಕುತ್ತದೆ. ಬ್ರೆಡ್ ಅಂಗಡಿಯ ಮುಂದೆ ಬೆಳಿಗ್ಗೆಯೇ ಸಾಲು. ಅವನೂ ಸಾಲಿನಲ್ಲಿ ನಿಲ್ಲುತ್ತಾನೆ. ಸರದಿ ಬಂದಾಗ ತಂಗಿ ಕಾಗದದಲ್ಲಿ ಬ್ರೆಡ್ ಸುತ್ತಿ ಕೊಡುತ್ತಾಳೆ, ಮುಖ ನೋಡುವುದಿಲ್ಲ.

"ತಗೊಳ್ಳಿ, ಎಂಜಿನಿಯರ್ ಸಾಹೇಬ್ರೇ," ಎನ್ನುತ್ತಾಳೆ.