ಬ್ಯಾಡ ಅನ್ನೋದು ಹೆಂಗ್ರೀ ಇಂಗ್ಲಿಷಲ್ಲಿ

ನನಗೆ ಇಂಗ್ಲಿಷ್ ಬರುವುದೇ ಇಲ್ಲ ಎಂದು ಯಾರಾದರೂ ಅಂದರೆ ಸಿಟ್ಟು ಬರುತ್ತದೆ. ಬರುತ್ತದೆ ಕಣ್ರೀ. ಮೀಟಿಂಗ್ ಮುಗಿದು ಅರ್ಧ ಗಂಟೆಯಾದ ಮೇಲೆ, ಬೈಕಿನಲ್ಲಿ ಹೋಗುವಾಗ, ಹೇಳಬೇಕಿದ್ದ ವಾಕ್ಯವೆಲ್ಲ ಸಾಲಾಗಿ ಬರುತ್ತದೆ. ಮೀಟಿಂಗಿನಲ್ಲಿ ಮಾತ್ರ ನಾಲಿಗೆ ಅಂಗುಳಿಗೆ ಅಂಟಿಕೊಂಡು ಕೂತಿರುತ್ತದೆ.

ನಾನು ಯತೀಶ. ಶಿಕಾರಿಪುರದ ಕಡೆ ಕುರಿಗಳಿಗೆ ವಿಮೆ ಮಾಡಿಸುವ ಕೆಲಸ. ಕುರಿಯ ಕಿವಿಗೆ ನಂಬರಿನ ಬಿಲ್ಲೆ ಹಾಕಿ, ಫೋಟೊ ತೆಗೆದು, ಪುಣೆಯ ಆಫೀಸಿಗೆ ಕಳಿಸಬೇಕು. ಸೊರಬದ ಕಡೆ ಹಸು, ಎಮ್ಮೆಗಳದ್ದು ತುಂಗಾ ನೋಡಿಕೊಳ್ಳುತ್ತಾಳೆ. ಅಲ್ಲೇ ಉಳವಿ ಎಂಬ ಊರಿನವಳು. ಎದುರಿಗೆ ‘ರೀ’ ಅನ್ನುತ್ತೇನೆ, ಮನಸ್ಸಿನಲ್ಲಿ ಮಾತ್ರ ಅವಳು.

ಅವಳ ಪರಿಚಯವಾದದ್ದೂ ನನ್ನ ಮಾನ ಹೋದ ದಿನವೇ. ಮೊದಲ ಆನ್‌ಲೈನ್ ಮೀಟಿಂಗು. ಲ್ಯಾಪ್‌ಟಾಪಿನಲ್ಲಿ ಹನ್ನೊಂದು ಮುಖ. ದೇಶಮುಖ್ ಮೇಡಂ ಪುಣೆಯಿಂದ ಏನೋ ಹೇಳುತ್ತಿದ್ದರು. ಅಷ್ಟರಲ್ಲಿ ನಮ್ಮ ಟಗರು ಪಡಸಾಲೆಗೆ ನುಗ್ಗಿತು. ‘ಎಲ್ಲಿಗೆ ಬರ್ತೀಯಲೇ, ನಿನ್ ಹೆಣ ಎತ್ತ’ ಎಂದು ಗದರಿದೆ. ಹನ್ನೊಂದು ಮುಖಗಳೂ ಸ್ತಬ್ಧವಾದವು. ಒಂದು ಚೌಕದಲ್ಲಿ ಮಾತ್ರ ಕನ್ನಡಕದ ಹುಡುಗಿಯೊಬ್ಬಳು ನೀರಿನ ಚೊಂಬನ್ನು ಮುಖಕ್ಕೆ ಅಡ್ಡ ಹಿಡಿದಿದ್ದಳು. ಚೊಂಬು ಅಲುಗಾಡುತ್ತಿತ್ತು.

ಮೀಟಿಂಗ್ ಮುಗಿದ ಕೂಡಲೇ ಫೋನ್ ಬಂತು.

‘ನಿಮ್ಮ ಮೈಕ್ ಆನ್ ಇತ್ತು ಮಾರಾಯ್ರೆ.’

‘ಗೊತ್ತಾತ್ರೀ. ಈಗೇನ್ ಮಾಡ್ಲಿ?’

‘ಇನ್ನೊಂದು ಸಲ ಹಾಗಾದ್ರೆ, ಸಾರಿ ಫಾರ್ ದಿ ಬ್ಯಾಕ್‌ಗ್ರೌಂಡ್ ನಾಯ್ಸ್ ಅನ್ನಿ. ಟಗರಿಗೆ ಬೈಯೋದನ್ನ ಆಮೇಲೆ ಇಟ್ಕೊಳ್ಳಿ.’

ಅಲ್ಲಿಂದ ಶುರುವಾಯಿತು. ದಿನಾ ಬೆಳಗ್ಗೆ ಏಳೂವರೆಗೆ ಒಂದು ವಾಯ್ಸ್ ಮೆಸೇಜು. ಕುಡ್ ಯು ಪ್ಲೀಸ್ ರಿಪೀಟ್ ದಟ್. ಐ ಥಿಂಕ್ ಯು ಆರ್ ಆನ್ ಮ್ಯೂಟ್. ಲೆಟ್ ಮಿ ಶೇರ್ ಮೈ ಸ್ಕ್ರೀನ್. ಒಂದೊಂದನ್ನೂ ಎರಡು ಸಲ ಹೇಳುತ್ತಿದ್ದಳು. ಮೊದಲು ನಿಧಾನಕ್ಕೆ, ಆಮೇಲೆ ಮೀಟಿಂಗಿನ ವೇಗದಲ್ಲಿ. ಕೊನೆಗೆ ‘ಹ್ಞಾಂ, ಈಗ ನೀವು’ ಎನ್ನುತ್ತಿದ್ದಳು. ಆ ‘ಈಗ ನೀವು’ ಕೇಳುವುದಕ್ಕೆ ನಾನು ಮೆಸೇಜನ್ನು ಇಪ್ಪತ್ತು ಸಲ ಹಾಕುತ್ತಿದ್ದೆ. ಅವ್ವ ದುರುಗಮ್ಮ ಹಟ್ಟಿ ಗುಡಿಸುತ್ತಾ ಒಂದು ದಿನ ಕೇಳಿಯೇಬಿಟ್ಟಳು.

‘ಆ ಹುಡುಗಿ ದಿನಾ ಏನಂತಾಳಲೇ?’

‘ಆಫೀಸಿನ ಮಾತು ಕಣವ್ವ.’

‘ಆಫೀಸಿನ ಮಾತಿಗೆ ಹಿಂಗ್ಯಾಕ್ ಹಲ್ ಕಿಸೀತಿ?’

ಮಂಗಳವಾರ ಹತ್ತೂವರೆಗೆ ಮೀಟಿಂಗು. ನಾನು ಒಂದು ವಾಕ್ಯವನ್ನು ತಪ್ಪಿಲ್ಲದೆ ಹೇಳಿದರೆ ಅವಳ ಎಡ ಹುಬ್ಬು ಸ್ವಲ್ಪ ಮೇಲೇರುತ್ತಿತ್ತು. ಪೂರ್ತಿ ಅಲ್ಲ, ಅಕ್ಕಿ ಕಾಳಿನಷ್ಟು. ಅವಳ ಕಣ್ಣು ಮಾತ್ರ ಯಾವಾಗಲೂ ನನ್ನಿಂದ ಸ್ವಲ್ಪ ಎಡಕ್ಕೆ ಇರುತ್ತಿತ್ತು. ಕುರ್ಚಿಯನ್ನು ಆ ಕಡೆ ಸರಿಸಿ ಕೂತು ನೋಡಿದೆ, ಈ ಕಡೆ ಸರಿಸಿದೆ. ಸ್ಕ್ರೀನಿನಲ್ಲಿ ಯಾರ ಕಣ್ಣೂ ಯಾರಿಗೂ ಸಿಗುವುದಿಲ್ಲ ಎನ್ನುವುದು ತಿಳಿಯಲು ನನಗೆ ಮೂರು ವಾರ ಬೇಕಾಯಿತು. ದಡ್ಡತನಕ್ಕೂ ಒಂದು ಮಿತಿ ಬೇಡವೇ.

ಅವಳ ಕಣ್ಣು ಸಿಗುತ್ತಿದ್ದದ್ದು ಶನಿವಾರ, ಆನವಟ್ಟಿಯಲ್ಲಿ. ಇಬ್ಬರ ಬಿಲ್ಲೆಗಳ ಡಬ್ಬಿಯೂ ಅಲ್ಲಿಗೇ ಬರುತ್ತಿತ್ತು. ಬಿಲ್ಲೆ ಹಂಚಿಕೊಂಡು, ಅಂಗಡಿಯಲ್ಲಿ ಚಾ ಕುಡಿಯುತ್ತಿದ್ದೆವು. ಅವರ ಜಾತಿ ಬೇರೆ, ನಮ್ಮದು ಬೇರೆ. ಅದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಾಗಾಗಿ ನಾನು ಚಾ ಮಾತ್ರ ಕುಡಿಯುತ್ತಿದ್ದೆ.

ಅಲ್ಲೇ ಒಂದು ದಿನ ಅವಳು ಹೇಳಿಕೊಟ್ಟಳು. ‘ಮೇಡಂ ಏನೋ ಕೇಳಿ ಸುಮ್ಮನಾದ್ರು, ಎಲ್ಲರೂ ನಿಮ್ಮನ್ನೇ ಕಾಯ್ತಿದ್ದಾರೆ ಅಂತ ಇಟ್ಕೊಳ್ಳಿ. ಆಗ ಶೂರ್ ಮೇಡಂ, ಹ್ಯಾಪಿ ಟು ಡೂ ದಟ್ ಅನ್ನಿ. ಅರ್ಥ ಆಗದಿದ್ರೆ ಆಮೇಲೆ ನನ್ನ ಕೇಳಿ. ಹೂಂ ಅನ್ನೋರನ್ನ ಯಾರೂ ಕೆಲಸದಿಂದ ತೆಗೆಯಲ್ಲ.’

ಹೋದ ತಿಂಗಳ ಮೂರನೇ ಮಂಗಳವಾರ ಮೇಡಂ ನನ್ನ ಹೆಸರು ಹಿಡಿದು ಉದ್ದಕ್ಕೆ ಏನೋ ಕೇಳಿದರು. ಯಾದಗಿರಿ ಎಂದದ್ದು ಕೇಳಿಸಿತು. ಅಲ್ಲಿಯ ಕುರಿಗಳ ಲೆಕ್ಕ ಕೇಳುತ್ತಿದ್ದಾರೆ ಎಂದುಕೊಂಡೆ. ಮೇಡಂ ಸುಮ್ಮನಾದರು. ಎಲ್ಲರೂ ಕಾಯುತ್ತಿದ್ದರು.

‘ಶೂರ್ ಮೇಡಂ,’ ಅಂದೆ. ‘ಹ್ಯಾಪಿ ಟು ಡೂ ದಟ್.’

ಸ್ಕ್ರೀನಿನ ತುಂಬಾ ಹೆಬ್ಬೆರಳುಗಳು ಎದ್ದವು. ತುಂಗಾಳ ಚೊಂಬು ಬಾಯಿಯ ಹತ್ತಿರ ಹೋಗಿದ್ದು ಅಲ್ಲೇ ನಿಂತಿತು. ಹುಬ್ಬು ಏಳಲಿಲ್ಲ.

ಆಮೇಲೆ ಅವಳೇ ಫೋನ್ ಮಾಡಿ ಹೇಳಿದಳು. ಮುಂದಿನ ಒಂದನೇ ತಾರೀಖಿನಿಂದ ನನ್ನನ್ನು ಯಾದಗಿರಿಗೆ ಹಾಕುತ್ತಾರೆ. ಸೀನಿಯರ್ ಮಾಡುತ್ತಾರೆ. ಒಪ್ಪಿಗೆಯೇ ಎಂದು ಕೇಳಿದ್ದಕ್ಕೆ ನಾನು ಸಂತೋಷ ಅಂದಿದ್ದೆ.

‘ತಪ್ಪು ನಂದೇ,’ ಅಂದಳು. ‘ಹೂಂ ಅನ್ನೋದನ್ನ ಮಾತ್ರ ಹೇಳಿಕೊಟ್ಟೆ.’

ಯಾದಗಿರಿಗೆ ಹೋಗಲು ಒಂದು ಹಗಲು ಬೇಕು. ದೂರದ್ದಲ್ಲ ಚಿಂತೆ. ಶನಿವಾರದ ಚಾ ಇರುವುದಿಲ್ಲ. ಇಷ್ಟು ದಿನ ಎದುರಿಗೆ ಕೂತು ಹೇಳದ್ದನ್ನು ಅಷ್ಟು ದೂರದಿಂದ ನಾನು ಹೇಳುತ್ತೇನೆಯೇ? ಅವಳ ಮನೆಯಲ್ಲಿ ಗಂಡು ನೋಡುತ್ತಿದ್ದಾರೆ ಎಂದೂ ಗೊತ್ತಿತ್ತು.

ಆ ಶನಿವಾರ ಆನವಟ್ಟಿಯಲ್ಲಿ ಚಾ ಲೋಟ ಕೈಗೆ ಬಂದ ಕೂಡಲೇ ನಾನೇ ಕೇಳಿದೆ.

‘ಬ್ಯಾಡ ಅನ್ನೋದು ಹೆಂಗ್ರೀ ಇಂಗ್ಲಿಷಲ್ಲಿ?’

‘ಯಾರಿಗೆ ಬೇಡ?’

‘ಮೇಡಂಗೆ. ಮಂಗಳವಾರ ಫೈನಲ್ ಮಾಡ್ತಾರಂತಲ್ಲ.’

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ.

‘ಪ್ರಮೋಷನ್ ಅದು. ನಿಮ್ಮ ಅವ್ವಂಗೆ ಖುಷಿಯಾಗ್ತದೆ. ಬೇಡ ಅನ್ನೋದನ್ನ ನಾನ್ಯಾಕೆ ಹೇಳಿಕೊಡ್ಲಿ? ಫೋನಲ್ಲಿ ಹುಡುಕಿ, ಹತ್ತು ಸಿಗ್ತಾವೆ.’

‘ಹುಡುಕೀನಿ. ಸಿಕ್ಕಾವು. ನೀವು ಹೇಳಿದ್ದೇ ಬೇಕು.’

ಆಗ ಅವಳು ನೋಡಿದಳು. ಕನ್ನಡಕವಿಲ್ಲದ ಕಣ್ಣು, ನೇರ ನನ್ನ ಮೇಲೆ. ಎಡಕ್ಕಲ್ಲ, ಬಲಕ್ಕಲ್ಲ.

‘ಯಾಕೆ?’

ಇಂಗ್ಲಿಷ್ ಹಾಳಾಗಲಿ, ಆ ಗಳಿಗೆಯಲ್ಲಿ ನನಗೆ ಕನ್ನಡವೂ ಬರಲಿಲ್ಲ. ಎದೆಯಲ್ಲಿದ್ದದ್ದು ಗಂಟಲವರೆಗೆ ಬಂತು. ಅಲ್ಲಿ ತಿರುಗಿತು. ಬೇರೆ ಏನೋ ಹೊರಗೆ ಬಿತ್ತು.

‘ಉಚ್ಚಾರಣೆಗ್ರೀ,’ ಅಂದೆ.

‘ಉಚ್ಚಾರಣೆಗಾ?’

‘ಹ್ಞೂಂರೀ.’

ಅವಳು ಕನ್ನಡಕ ಹಾಕಿಕೊಂಡಳು. ತನ್ನ ಪಾಲಿನ ಡಬ್ಬಿ ಎತ್ತಿಕೊಂಡು, ಉಳವಿಗೆ ಬಸ್ಸು ಬಂದಿದೆಯೋ ಇಲ್ಲವೋ ನೋಡದೆ ಸ್ಟ್ಯಾಂಡಿನ ಕಡೆ ನಡೆದಳು. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಅಂಗಡಿಯವನು ನೋಡುತ್ತಿದ್ದ, ಹಾಗಾಗಿ ಸುಮ್ಮನಾದೆ.

ಭಾನುವಾರ ಏಳೂವರೆಗೆ ಮೆಸೇಜ್ ಬರಲಿಲ್ಲ. ಸೋಮವಾರವೂ ಇಲ್ಲ.

ಮಂಗಳವಾರ ನಾನೇ ಹುಡುಕಿದ್ದ ವಾಕ್ಯವನ್ನು ಅಂಗೈ ಮೇಲೆ ಕನ್ನಡದಲ್ಲಿ ಬರೆದುಕೊಂಡು ಕೂತೆ. ಐ ವುಡ್ ಪ್ರಿಫರ್ ಟು ಸ್ಟೇ. ಐದೇ ಪದ. ಮೇಡಂ ಪಟ್ಟಿ ಓದುತ್ತಾ ನನ್ನ ಹೆಸರಿಗೆ ಬಂದರು. ಎನಿ ಕನ್ಸರ್ನ್ಸ್, ಯತೀಶ್? ಈ ಸಲ ಪೂರ್ತಿ ಅರ್ಥವಾಯಿತು. ಮೈಕ್ ಆನ್ ಮಾಡಿದೆ. ಅಂಗೈ ಬೆವೆತು ಅಕ್ಷರವೆಲ್ಲ ಕಲಸಿಹೋಗಿತ್ತು.

‘ಮೇಡಂ,’ ಅಂದೆ. ಬಾಯಿ ತನಗೆ ರೂಢಿಯಾದ ದಾರಿಯನ್ನೇ ಹಿಡಿಯಿತು. ‘ಥ್ಯಾಂಕ್ ಯು ಫಾರ್ ದಿ ಆಪರ್ಚುನಿಟಿ.’

ಎಲ್ಲಾ ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ತುಂಗಾಳ ಮೈಕ್ ಆನ್ ಆಗಿ ಅವಳ ಚೌಕದ ಅಂಚು ಹಳದಿಯಾಯಿತು.

‘ಸಾರಿ ಟು ಜಂಪ್ ಇನ್. ಐ ಹ್ಯಾವ್ ಎ ಕನ್ಸರ್ನ್.’

‘ಯೆಸ್, ತುಂಗಾ? ಈಸ್ ಇಟ್ ದಿ ವರ್ಕ್‌ಲೋಡ್?’

‘ನೋ ಮೇಡಂ.’ ನನಗೆ ನೂರು ವಾಕ್ಯ ಹೇಳಿಕೊಟ್ಟವಳಿಗೆ ಒಂದು ವಾಕ್ಯ ಸಿಗಲಿಲ್ಲ. ಆಮೇಲೆ ಕನ್ನಡದಲ್ಲಿ ಹೇಳಿದಳು. ‘ಅವರು ಹೋಗೋದು ನನಗೆ ಬೇಡ. ಅವರಿಲ್ಲದೆ ನನಗೆ ಆಗಲ್ಲ.’

ಹನ್ನೊಂದು ಮುಖಗಳಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ, ಮತ್ತೆ ಹಾವೇರಿಯ ಲೋಕಪ್ಪನವರಿಗೆ. ನಿವೃತ್ತಿಗೆ ಎರಡು ವರ್ಷವಿದ್ದ ಆ ಪುಣ್ಯಾತ್ಮರು ಗಂಟಲು ಸರಿಮಾಡಿಕೊಂಡು ಉಳಿದವರಿಗೆ ತಿಳಿಸಿಯೇ ಬಿಟ್ಟರು.

‘ಮೇಡಂ, ಇಟ್ ಈಸ್ ಪರ್ಸನಲ್. ವೆರಿ ಪರ್ಸನಲ್.’

ತುಂಗಾಳ ಹಿಂದಿನಿಂದ ಒಂದು ಗಂಡಸಿನ ದನಿ ಬಂತು. ‘ಯಾರೇ ಅದು? ಯಾರಿಲ್ಲದೆ ಆಗಲ್ಲ ನಿಂಗೆ?’ ಅವಳ ಚೌಕ ಕಪ್ಪಾಯಿತು.

ಮೇಡಂ ಒಳ್ಳೆಯವರು. ಆದರೂ ಯಾದಗಿರಿಗೆ ಬೇರೆ ಜನ ಇರಲಿಲ್ಲ. ಆರು ತಿಂಗಳು ಹೋಗು, ಆಮೇಲೆ ನೋಡೋಣ ಅಂದರು. ಆಗ ನನ್ನ ಬಾಯಿಂದ ಯಾರೂ ಕಲಿಸದ ಇಂಗ್ಲಿಷ್ ಬಂತು. ‘ಸಿಕ್ಸ್ ಮಂತ್ಸ್ ಓನ್ಲಿ ಮೇಡಂ. ದೆನ್ ಐ ಕಮ್ ಬ್ಯಾಕ್. ಐ ಆಮ್ ನಾಟ್ ಆಸ್ಕಿಂಗ್.’ ವ್ಯಾಕರಣ ಗೊತ್ತಿಲ್ಲ. ಮೇಡಂಗೆ ಅರ್ಥವಾಯಿತು.

ಅವಳ ಫೋನ್ ಸ್ವಿಚ್ಡ್ ಆಫ್. ಬೈಕ್ ಹತ್ತಿದವನು ಉಳವಿಯಲ್ಲೇ ಇಳಿದೆ. ಜಗಲಿಯಲ್ಲಿ ಅವಳಪ್ಪ ತ್ರ್ಯಂಬಕ ಕೂತಿದ್ದರು. ಏನು ಬೇಕಿತ್ತು ಎಂದು ಕೇಳಿದರು.

‘ನಾನು ಯತೀಶ ರೀ. ನಿಮ್ಮ ಮಗಳು ಬೆಳಗ್ಗೆ ಹೇಳಿದ್ದು ನನ್ನ ಬಗ್ಗೆ. ನಾನೂ ಅದನ್ನೇ ಹೇಳಾಕ ಬಂದೀನಿ. ಅವರನ್ನ ಭಾಳ ಇಷ್ಟಪಟ್ಟೀನಿ.’

ಅವರು ನನ್ನ ಚಪ್ಪಲಿಯನ್ನೇ ನೋಡಿದರು.

‘ನನ್ನ ಹತ್ರ ಇವತ್ತು ಏನೂ ಕೇಳಬೇಡಿ,’ ಅಂದರು. ‘ನನಗೆ ಏನೂ ತೋಚ್ತಿಲ್ಲ.’ ಎದ್ದು ಒಳಗೆ ಹೋದರು. ಅವರ ಮೇಲೆ ಸಿಟ್ಟು ಬರಲಿಲ್ಲ. ತೋಚದೆ ಕೂರುವುದು ಏನೆಂದು ನನಗೆ ಗೊತ್ತಿತ್ತು.

ಬೈಕಿನ ಹತ್ತಿರ ಬಂದಾಗ ಹಿಂದೆಯೇ ತುಂಗಾ ಬಂದಳು. ಅತ್ತು ಅತ್ತು ಮೂಗಿನ ತುದಿ ಕೆಂಪಾಗಿತ್ತು.

‘ಆರು ತಿಂಗಳು ನಾನು ಯಾರಿಗೂ ಹೂಂ ಅನ್ನಲ್ಲ,’ ಅಂದಳು. ‘ದಿನಾ ಮನೇಲಿ ಜಗಳ ಆಡ್ತೀನಿ.’

‘ಒಬ್ರೇ ಆಡಬ್ಯಾಡ್ರಿ. ರಜಾ ಸಿಕ್ಕಾಗೆಲ್ಲ ನಾನೂ ಬರ್ತೀನಿ.’

ಅಳುತ್ತಲೇ ನಕ್ಕಳು. ನಾನು ಕೀಲಿ ತಿರುಗಿಸಿದೆ. ಅವಳು ಹ್ಯಾಂಡಲ್ ಹಿಡಿದಳು. ಒಳಗಿನಿಂದ ಅವಳಪ್ಪ ಒಂದು ಸಲ ಕೆಮ್ಮಿದರು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ. ಅವಳು ಹ್ಯಾಂಡಲ್ ಬಿಡಲಿಲ್ಲ.