ಏನು ಬೇಕಾದರೂ ತಿನ್ನಬಹುದು

“ಎರಡು ಕಣೆ! ಒಂದಲ್ಲ, ಎರಡು ಐಸ್‌ಕ್ರೀಮ್ ತಿಂದ್ರು ನಮ್ಮಪ್ಪ!”

ಊಟದ ಬೆಲ್ಲು ಹೊಡೆದು ಎರಡು ನಿಮಿಷವೂ ಆಗಿರಲಿಲ್ಲ. ಏಣಿ ಆಗಲೇ ಬೆಂಚಿನ ಮೇಲೆ ಕುಣಿಯುತ್ತಿದ್ದಳು. ಐದನೇ ಕ್ಲಾಸಿಗೆಲ್ಲ ಉದ್ದ ಅವಳೇ, ಅದಕ್ಕೇ ಏಣಿ. ಪಕ್ಕದಲ್ಲಿ ಕೂರುವವಳು ಕ್ಲಾಸಿಗೆಲ್ಲ ಗಿಡ್ಡಿ, ಅದಕ್ಕೇ ಕಾಳು. ಇಬ್ಬರೂ ಒಟ್ಟಿಗೆ ನಡೆದರೆ ನೋಡಿದವರು ನಗುತ್ತಿದ್ದರು. ಇವರು ಯಾರಿಗೂ ಸೊಪ್ಪು ಹಾಕುತ್ತಿರಲಿಲ್ಲ. ಒಂದನೇ ಕ್ಲಾಸಿನಿಂದಲೂ ಇಬ್ಬರಿಗೂ ಒಂದೇ ಬೆಂಚು.

“ನಿಮ್ಮಮ್ಮನ ವಾರ್ಡಿಗೆ ಹಾಕಿದ್ಮೇಲೆ ಎಲ್ಲಾ ಸರಿಹೋಗ್ತಿದೆ ಕಣೆ,” ಎಂದಳು ಏಣಿ. “ಮುಂಚಿನ ಡಾಕ್ಟ್ರು ಉಪ್ಪು ಬೇಡ, ಸಕ್ಕರೆ ಬೇಡ, ಅದು ಬೇಡ, ಇದು ಬೇಡ ಅಂತಿದ್ರು. ನಿಮ್ಮಮ್ಮ ಏನಂದ್ರು ಗೊತ್ತಾ? ಏನು ಬೇಕಾದ್ರೂ ತಿನ್ನಬಹುದು ಅಂದ್ರು! ರಕ್ತ ತೆಗೆಯೋದು ಸ್ಟಾಪ್. ಟೆಸ್ಟೆಲ್ಲ ಸ್ಟಾಪ್. ಮೂಗಿನ ಪೈಪೂ ತೆಗೆದ್ಬಿಟ್ರು. ಸೂಪರ್ ಡಾಕ್ಟರ್ ನಿಮ್ಮಮ್ಮ!”

ಡಬ್ಬಿ ತೆರೆಯುತ್ತಿದ್ದ ಕಾಳು ಕೈ ನಿಲ್ಲಿಸಿದಳು.

ಡಾಕ್ಟರ ಮನೆಯ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದೊಂದು ಕಷ್ಟ. ಹಲ್ಲಿನ ಡಾಕ್ಟರ ಮಗಳಿಗೆ ಚಾಕಲೇಟ್ ಸಿಗುವುದಿಲ್ಲ. ಮೂಳೆ ಡಾಕ್ಟರ ಮಗ ಮರ ಹತ್ತುವಂತಿಲ್ಲ. ಕಾಳುವಿಗೆ ಆ ತಾಪತ್ರಯವಿರಲಿಲ್ಲ, ಚಾಕಲೇಟೂ ಉಂಟು, ಮರವೂ ಉಂಟು. ಆದರೆ ಅವಳಮ್ಮ ಸಂಜೆ ಮನೆಗೆ ಬಂದರೆ ಬಾಗಿಲ ಹತ್ತಿರದ ಸ್ಟೂಲಿನ ಮೇಲೆ, ಶೂ ಕೂಡ ಬಿಚ್ಚದೆ, ಹತ್ತು ನಿಮಿಷ ಸುಮ್ಮನೆ ಕೂತಿರುತ್ತಿದ್ದಳು. ಆಗ ಅವಳನ್ನು ಯಾರೂ ಮಾತಾಡಿಸುವಂತಿರಲಿಲ್ಲ. ಅಪ್ಪ ಒಂದು ಲೋಟ ನೀರು ತಂದಿಟ್ಟು ಮೆಲ್ಲಗೆ ಒಳಗೆ ಹೋಗುತ್ತಿದ್ದರು.

ಅಮ್ಮನ ವಾರ್ಡು ಆಸ್ಪತ್ರೆಯ ಉದ್ದ ಕಾರಿಡಾರಿನ ಕೊನೆಯಲ್ಲಿತ್ತು. ಇನ್ನು ವಾಸಿಯಾಗುವುದಿಲ್ಲ ಎಂದು ಗೊತ್ತಾದವರನ್ನು ಅಲ್ಲಿಗೆ ಕಳಿಸುತ್ತಿದ್ದರು. ಅವರಿಗೆ ನೋವಾಗದಂತೆ ನೋಡಿಕೊಳ್ಳುವುದು ಅಮ್ಮನ ಕೆಲಸ. ಅಲ್ಲಿ ಸೂಜಿ ಕಮ್ಮಿ, ಟೆಸ್ಟು ಇಲ್ಲ, ಪಥ್ಯವಂತೂ ಇಲ್ಲವೇ ಇಲ್ಲ. ಪಥ್ಯ ಮಾಡಿ ಉಳಿಸಿಕೊಳ್ಳುವಷ್ಟು ದಿನಗಳು ಅವರ ಹತ್ತಿರ ಇರುವುದಿಲ್ಲ. ಇದನ್ನು ಕಾಳುವಿಗೆ ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಅಮ್ಮನ ಫೋನ್ ಮಾತು ಕೇಳಿ ಕೇಳಿ ತಾನಾಗಿಯೇ ಗೊತ್ತಾಗಿತ್ತು.

ಶಾಲೆಯಲ್ಲಿ ಮಾತ್ರ ಅವಳು “ನಮ್ಮಮ್ಮ ನೋವಿನ ಡಾಕ್ಟರು” ಎಂದಷ್ಟೇ ಹೇಳುತ್ತಿದ್ದಳು. “ತಲೆನೋವಾ, ಹೊಟ್ಟೆನೋವಾ?” ಎಂದು ಕೇಳಿದರೆ, “ಎಲ್ಲಾ ನೋವೂ” ಎಂದುಬಿಡುತ್ತಿದ್ದಳು. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

“ಶುಕ್ರವಾರ ಕ್ಯಾಂಪಿಗೆ ಹೊರಡ್ತೀವಲ್ಲ,” ಏಣಿ ಡಬ್ಬಿ ತೆರೆಯುತ್ತ ಹೇಳಿದಳು. “ನಾಲ್ಕು ದಿನ ಬಿಟ್ಟು ವಾಪಸ್ ಬರೋಷ್ಟರಲ್ಲಿ ಅಪ್ಪ ಮನೇಲಿರ್ತಾರೆ, ನೋಡ್ತಿರು.”

ಕಾಳು ತನ್ನ ಡಬ್ಬಿಯನ್ನು ಮತ್ತೆ ಮುಚ್ಚಿ ಬ್ಯಾಗಿಗೆ ಹಾಕಿದಳು.

ಅವತ್ತು ಸಂಜೆ ಅವಳು ಹತ್ತು ನಿಮಿಷ ಕಾಯಲಿಲ್ಲ. ಸ್ಟೂಲಿನ ಮುಂದೆ ಹೋಗಿ ನಿಂತುಬಿಟ್ಟಳು.

“ಅಮ್ಮ, ಏಣಿ ಅಪ್ಪಂಗೆ ಇನ್ನೆಷ್ಟು ದಿನ?”

ಅಮ್ಮ ತಲೆಯೆತ್ತಿದಳು. “ಆಸ್ಪತ್ರೆ ಮಾತು ಮನೇಲಿ ಆಡಬಾರ್ದು ಅಂತ ಹೇಳಿದೀನಲ್ಲ ಕಂದ.”

“ಆಸ್ಪತ್ರೆ ಮಾತಲ್ಲ. ಏಣಿ ಮಾತು. ಅವಳು ಕ್ಯಾಂಪಿಗೆ ಹೋಗ್ತಿದಾಳೆ. ನೀನು ಅವಳಿಗೆ ಹೇಳು.”

“ಹೇಳಬೇಕಾದವರು ಅವಳಮ್ಮ. ಕಳಿಸ್ಬೇಡಿ ಅಂತ ಎರಡು ಸಲ ಹೇಳ್ದೆ.” ಅಮ್ಮ ಹಣೆ ಉಜ್ಜಿಕೊಂಡಳು. “ಮಗು ನಾಲ್ಕು ದಿನ ನಗ್ಲಿ ಬಿಡಿ ಅಂತ ಅತ್ತುಬಿಟ್ರು. ಅದಕ್ಕಿಂತ ಜಾಸ್ತಿ ನಾನು ಬಾಯಿ ಹಾಕೋ ಹಾಗಿಲ್ಲ.”

“ಮತ್ತೆ ನಾನೇ ಹೇಳ್ತೀನಿ.”

“ನೀನು ಹೇಳಿದ್ರೆ ನಾನು ಹೇಳಿದ ಹಾಗೇ ಅಲ್ವಾ?”

ಕಾಳುವಿಗೆ ಎಲ್ಲಿಲ್ಲದ ಸಿಟ್ಟು ಬಂತು. “ನಿಂಗೆ ಬೇರೆ ಡಾಕ್ಟರ್ ಆಗಕ್ಕೇನಾಗಿತ್ತು? ಕಣ್ಣಿದೆ, ಕಿವಿ ಇದೆ, ಹಲ್ಲಿದೆ, ಎಷ್ಟೊಂದಿದೆ ಮೈಮೇಲೆ! ನಿಂಗೆ ಇದೇ ಬೇಕಿತ್ತಾ?”

ಅಮ್ಮ ಬೈಯಲಿಲ್ಲ. ಒಂದು ಶೂ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಳು.

“ನಾನು ಓದ್ತಿದ್ದಾಗ ದೊಡ್ಡ ಡಾಕ್ಟ್ರ ಹಿಂದೆ ವಾರ್ಡೆಲ್ಲ ಸುತ್ತಬೇಕಿತ್ತು. ವಾಸಿಯಾಗದೇ ಇರೋರ ಮಂಚ ಬಂದ್ರೆ ಎಲ್ರೂ ಬೇಗ ಬೇಗ ನಡೆದು ಮುಂದೆ ಹೋಗ್ತಿದ್ರು. ನಾನೂ ಹಾಗೇ ಹೋಗ್ತಿದ್ದೆ. ಒಂದಿನ ಒಬ್ಬರು ಅಜ್ಜಿ, ‘ನೀನೂ ಹೊರಟೆಯಾ?’ ಅಂದ್ರು. ನಿಂತ್ಕೊಂಡೆ. ಅಷ್ಟೇ.”

ಅದು ಕಾಳುವಿಗೆ ಸಮಾಧಾನ ತರಲಿಲ್ಲ. ಯಾರೋ ಅಜ್ಜಿಯ ಹತ್ತಿರ ನಿಂತದ್ದಕ್ಕೆ ತಾನೇಕೆ ಇಷ್ಟು ಕಷ್ಟಪಡಬೇಕು ಎನ್ನಿಸಿತು.

ಶುಕ್ರವಾರ ಬೆಳಿಗ್ಗೆ ಬಸ್ಸು ಶಾಲೆಯ ಮೈದಾನದಲ್ಲಿ ಗುರ್‌ಗುಟ್ಟುತ್ತಿತ್ತು. ಹಿಂದಿನ ಸೀಟಿನ ಹುಡುಗರು ಆಗಲೇ ಕಿರುಚಾಡಿ ಮಿಸ್ಸಿಗೆ ತಲೆನೋವು ತರಿಸಿದ್ದರು. ಏಣಿ ಕಿಟಕಿ ಪಕ್ಕ ಕೂತು ಕಾಲು ಮಡಚಲಾಗದೆ ಒದ್ದಾಡುತ್ತಿದ್ದಳು.

“ಹೋಗ್ತಾ ಕಿಟಕಿ ನಂದು, ಬರ್ತಾ ನಿಂದು. ಡೀಲ್?”

ಕಾಳುವಿಗೆ ಮಾತು ಬಿಸಿ ತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಡ್ರೈವರ್ ಹತ್ತಿ ಕೂತ. ಇನ್ನು ಐದು ನಿಮಿಷ.

“ಏಣಿ, ನೀನು ಬರಬೇಡ.”

“ಯಾಕೆ? ಕಿಟಕಿ ಬೇಕಾ?”

“ಅಪ್ಪನ ಹತ್ರ ಇರು.”

“ಅಪ್ಪಾನೇ ಹೋಗು ಅಂದಿದ್ದು ಕಣೆ.”

“ನಮ್ಮಮ್ಮನ ವಾರ್ಡಲ್ಲಿ ಯಾರಿಗೂ ಪಥ್ಯ ಇಲ್ಲ,” ಕಾಳು ಒಂದೇ ಉಸಿರಿಗೆ ಹೇಳಿದಳು. “ಎಲ್ರೂ ಏನು ಬೇಕಾದ್ರೂ ತಿನ್ನಬಹುದು. ಯಾಕಂದ್ರೆ ಯಾರಿಗೂ ವಾಸಿ ಆಗಲ್ಲ. ಅದಕ್ಕೇ ಐಸ್‌ಕ್ರೀಮ್. ಅದಕ್ಕೇ ಪೈಪ್ ತೆಗೆದಿದ್ದು.”

“ಸುಳ್ಳಿ!”

ಕಾಳು ಅಲ್ಲವೆಂದು ತಲೆಯಾಡಿಸಿದಳು.

“ನಿಮ್ಮಮ್ಮಂಗೆ ವಾಸಿ ಮಾಡಕ್ಕೆ ಬರಲ್ಲ ಅನ್ನು! ದಂಡದ ಡಾಕ್ಟರು!”

ಅಮ್ಮನನ್ನು ಯಾರಾದರೂ ಏನಾದರೂ ಅಂದರೆ ಕಾಳು ಸುಮ್ಮನಿರುವವಳಲ್ಲ. ಒಮ್ಮೆ ಮೂಳೆ ಡಾಕ್ಟರ ಮಗನ ಅಂಗಿ ಗುಂಡಿಗಳನ್ನೆಲ್ಲ ಕಿತ್ತಿದ್ದಳು. ಈಗ ಏನೂ ಮಾಡದೆ ಕೂತಿದ್ದಳು. ಏಣಿ ಅವಳ ಮುಖ ನೋಡಿದಳು. ನೋಡುತ್ತ ನೋಡುತ್ತ ಅವಳ ತುಟಿ ಬಿಳಿಚಿಕೊಂಡಿತು. ಆಮೇಲೆ ಅವಳು ಬ್ಯಾಗು ಎಳೆದುಕೊಂಡು, ಯಾರ ಕಾಲು ತುಳಿದೆನೆಂದೂ ನೋಡದೆ ಬಸ್ಸಿನಿಂದ ಇಳಿದುಬಿಟ್ಟಳು. ಏನಾಯಿತೆಂದು ಮಿಸ್ ಕೇಳಿದ್ದಕ್ಕೆ “ಹೊಟ್ಟೆನೋವು” ಎಂದಳಂತೆ.

ಬಸ್ಸು ಹೊರಟಿತು. ಕಾಳು ಕ್ಯಾಂಪಿನಲ್ಲಿ ಕೆರೆ ನೋಡಿದಳು, ದೋಣಿ ಹತ್ತಿದಳು, ಹಗ್ಗದ ಸೇತುವೆ ದಾಟಿದಳು. ಒಂದೂ ನೆನಪಿನಲ್ಲಿ ಉಳಿಯಲಿಲ್ಲ.

ಮೂರನೇ ದಿನ ಮಿಸ್ ಎಲ್ಲರನ್ನೂ ಕರೆದು, ಏಣಿಯ ತಂದೆ ಬೆಳಿಗ್ಗೆ ತೀರಿಕೊಂಡರು ಎಂದರು. ಹುಡುಗಿಯರು ಅತ್ತರು. “ಪುಣ್ಯಕ್ಕೆ ಹೊಟ್ಟೆನೋವು ಬಂತು, ಇಲ್ದಿದ್ರೆ ಅವಳೂ ಇಲ್ಲೇ ಇರ್ತಿದ್ಲು,” ಎಂದರು ಯಾರೋ.

ಮನೆಗೆ ಬಂದ ಮೇಲೆ ಅಪ್ಪ ಹೇಳಿದರು. ಏಣಿಯ ಅಮ್ಮ ಆಸ್ಪತ್ರೆಯಲ್ಲಿ ಎಲ್ಲರೆದುರು, “ನೀವೇ ನಿಮ್ಮ ಮಗಳಿಗೆ ಹೇಳಿಕೊಟ್ಟಿದ್ದು! ನನ್ನ ಮಗು ನಗ್ತಿತ್ತು!” ಎಂದು ಕೂಗಾಡಿದರಂತೆ. ಅಮ್ಮ ತಲೆ ತಗ್ಗಿಸಿ ನಿಂತು ಅಷ್ಟನ್ನೂ ಕೇಳಿಸಿಕೊಂಡಳಂತೆ.

“ನಿಂಗೆ ಬೈಯಲ್ಲ,” ಎಂದಳು ಅಮ್ಮ. “ಸರಿ ಮಾಡಿದೆ ಅಂತಾನೂ ಅನ್ನಲ್ಲ. ನನಗೇ ಗೊತ್ತಾಗ್ತಿಲ್ಲ ಕಂದ.”

ಎರಡು ವಾರದ ಮೇಲೆ ಏಣಿ ಶಾಲೆಗೆ ಬಂದಳು. ಕಾಳು ಬ್ಯಾಗು ಸರಿಸಿ ಜಾಗ ಮಾಡಿದಳು. ಏಣಿ ಅವಳನ್ನು ದಾಟಿ ಹೋಗಿ ಕೊನೇ ಬೆಂಚಿನಲ್ಲಿ ಕೂತಳು.

ಮಧ್ಯಾಹ್ನ ಕೈ ತೊಳೆಯುವ ನಲ್ಲಿಯ ಹತ್ತಿರ ಇಬ್ಬರೇ ಸಿಕ್ಕರು. ಕಾಳು ಹತ್ತಿರ ಹೋಗಿ ಕೇಳಿದಳು.

“ನನ್ನ ಮೇಲೆ ಕೋಪಾನಾ?”

“ಇಲ್ಲ.” ಏಣಿ ನಲ್ಲಿಯನ್ನೇ ನೋಡುತ್ತಿದ್ದಳು. “ನಾನು ಅಲ್ಲೇ ಇದ್ದೆ. ಅಪ್ಪ ನನ್ನ ಕೈ ಹಿಡ್ಕೊಂಡೇ ಇದ್ರು. ಕೊನೇವರೆಗೂ.”

“ಮತ್ತೆ... ನಮ್ಮ ಬೆಂಚಿಗೆ ಬರ್ತೀಯಾ?”

ಏಣಿ ತುಂಬ ಹೊತ್ತು ಕೈ ತೊಳೆದಳು.

“ನಿನ್ನ ಮುಖ ನೋಡಿದ್ರೆ ಆ ಬಸ್ಸೇ ನೆನಪಾಗುತ್ತೆ ಕಣೆ. ನೀನು ಹೇಳಿದ್ದೇ ಕೇಳ್ಸುತ್ತೆ. ಆಗಲ್ಲ ನಂಗೆ.”

ಹೇಳಿ ಹೋಗಿಬಿಟ್ಟಳು. ಸೆಲೆಯಂತೆ ಉಕ್ಕಿದ ಅಳುವನ್ನು ಕಾಳು ನಲ್ಲಿಯ ನೀರಿನಲ್ಲೇ ತೊಳೆದುಕೊಂಡಳು.

ಆ ಸಂಜೆ ಅಡುಗೆಮನೆಯಲ್ಲಿ ಅವಳು ಅಮ್ಮನನ್ನು ಕೇಳಿದಳು. “ನಿನ್ನ ಕಂಡ್ರೂ ಜನಕ್ಕೆ ಹಾಗೇ ಆಗುತ್ತಾ?”

“ಹೂಂ. ಬೀದೀಲಿ ಸಿಕ್ಕಿದ್ರೆ ಕೆಲವರು ಆ ಕಡೆಗೆ ದಾಟಿಬಿಡ್ತಾರೆ.”

“ಬೇಜಾರಾಗಲ್ವಾ?”

“ಆಗುತ್ತೆ.”

ಅಮ್ಮ ಇನ್ನು ‘ಆದ್ರೆ’ ಅಂತ ಏನೋ ಹೇಳುತ್ತಾಳೆ ಎಂದು ಕಾಳು ಕಾದಳು. ದೊಡ್ಡವರೆಲ್ಲ ಹಾಗೇ ತಾನೇ? ಅಮ್ಮ ತಟ್ಟೆ ಒರೆಸಿ ಒಂದರ ಮೇಲೊಂದು ಇಟ್ಟಳು.

ಮರುದಿನ ಪಾಠ ನಡೆಯುತ್ತಿದ್ದಾಗ ಕೊನೇ ಬೆಂಚಿನಿಂದ ಮೂಗು ಸೇದುವ ಸದ್ದು ಬಂತು. ಅದು ಯಾರೆಂದು ಕಾಳುವಿಗೆ ಗೊತ್ತಿತ್ತು. ನಾಲ್ಕು ವರ್ಷ ಪಕ್ಕದಲ್ಲೇ ಕೂತು ಕೇಳಿದ ಸದ್ದು ಅದು. ಇಡೀ ಕ್ಲಾಸು ತಿರುಗಿ ನೋಡಿತು.

ತಿರುಗಬೇಕೆಂದು ಕಾಳುವಿನ ಕುತ್ತಿಗೆಯೆಲ್ಲ ನೋಯುತ್ತಿತ್ತು. ಅವಳು ಬೆಂಚಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಏಣಿಗೆ ತನ್ನ ಮುಖ ಕಾಣದಂತೆ, ಬೋರ್ಡನ್ನೇ ನೋಡುತ್ತ ಕೂತಳು.