ಕೊನೆಯ ಬ್ಯಾಚಿನ ಉಸಿರು

ಸಂಜೆಯ ಕೊನೆಯ ಬ್ಯಾಚನ್ನು ಮುಂದಿನ ತಿಂಗಳಿನಿಂದ ನಿಲ್ಲಿಸಲಾಗುವುದು ಎಂಬ ನೋಟಿಸು ಟಿಕೆಟ್ ಕೌಂಟರಿನ ಪಕ್ಕ ಅಂಟಿಸಿದ ದಿನ, ಗೈಡ್ ಗುಹೆಯೊಳಗೆ ಅವಳಿಗಾಗಿ ನಿಲ್ಲಲಿಲ್ಲ.

ಪ್ರವಾಸಿಗರನ್ನು ಹೊರಗೆ ಬಿಟ್ಟು ಬಂದು, ಟಾರ್ಚನ್ನು ಅವಳ ಕೈಗಿತ್ತು, "ಮೆಟ್ಟಿಲು ಒದ್ದೆಯಿದೆ, ನೋಡ್ಕೊಂಡು ಇಳೀರಿ ಮೇಡಂ" ಎಂದಷ್ಟೇ ಹೇಳಿ ಹೊರಟುಹೋದ. ಸಿಟ್ಟಾದವನೂ ಮೆಟ್ಟಿಲಿನ ಬಗ್ಗೆ ಎಚ್ಚರಿಸಿ ಹೋಗುತ್ತಾನಲ್ಲ ಎಂದುಕೊಂಡು ಅವಳು ಟಾರ್ಚ್ ಹೊತ್ತಿಸಿದಳು.

ಅಲ್ಲಿ ಎಲ್ಲರೂ ಅವಳನ್ನು ಗಾಳಿ ಮೇಡಂ ಎನ್ನುತ್ತಿದ್ದರು. ಗುಹೆಯ ಗೋಡೆಯ ಮೇಲೆ ಯಾವುದೋ ಕಾಲದವರು ಕೆಮ್ಮಣ್ಣಿನಲ್ಲಿ ಬರೆದ ಕಾಡುದನಗಳ ಹಿಂಡಿತ್ತು. ಅದನ್ನು ನೋಡಲು ಬರುವವರ ಉಸಿರಿನಿಂದಲೇ ಗೋಡೆ ಬೆವರಿ, ಬಣ್ಣದ ಮೇಲೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಒಳಗಿನ ಗಾಳಿಯಲ್ಲಿ ಉಸಿರು ಎಷ್ಟು ತುಂಬಿದೆಯೆಂದು ಮೀಟರಿನಲ್ಲಿ ನೋಡಿ, ಎಷ್ಟು ಜನರನ್ನು ಬಿಡಬಹುದೆಂದು ಹೇಳುವುದು ಅವಳ ಕೆಲಸ. ಹೀಗಾಗಿ ಅಂಗಡಿಯವರಿಗೂ ಲಾಡ್ಜಿನವರಿಗೂ ಅವಳನ್ನು ಕಂಡರೆ ಅಷ್ಟಕ್ಕಷ್ಟೆ. ಇಷ್ಟು ವರ್ಷ ಎಲ್ಲರಿಗೂ ಬೇಡ ಬೇಡ ಎನ್ನುತ್ತಲೇ ಬಂದು ಅವಳಿಗೂ ಸಾಕಾಗಿತ್ತು.

ಗೈಡನ ದಣಿವು ಬೇರೆ ತರಹದ್ದು. ಅದೇ ಕಥೆಯನ್ನು ಬೆಳಗಿನಿಂದ ಪಿಸುದನಿಯಲ್ಲಿ ಹೇಳಿ ಹೇಳಿ, ಸಂಜೆಯ ಹೊತ್ತಿಗೆ ದನಿ ತೊಳೆದು ತೊಳೆದು ಸವೆದ ಬಟ್ಟೆಯಂತಾಗಿರುತ್ತಿತ್ತು. ಆದರೂ ಗುಂಪಿನಲ್ಲಿ ಮಂಡಿನೋವಿನ ಮುದುಕಿಯೊಬ್ಬಳಿದ್ದರೆ, ಅವಳಿಗಾಗಿ ಎಂದು ಯಾರಿಗೂ ಗೊತ್ತಾಗದ ಹಾಗೆ, ಎಲ್ಲರನ್ನೂ ನಡುವೆ ನಿಲ್ಲಿಸಿ ಒಂದು ಕಥೆ ಹೆಚ್ಚಿಗೆ ಹೇಳುತ್ತಿದ್ದ. ಗಾಳಿ ಮೇಡಂ ಅವನಲ್ಲಿ ಮೊದಲು ಕಂಡದ್ದು ಆ ಗುಣವನ್ನೇ.

ಕೊನೆಯ ಬ್ಯಾಚು ಹೋಗಿ ಸ್ವಲ್ಪ ಹೊತ್ತಾದ ಮೇಲೆ ಮೀಟರ್ ನೋಡಲು ಅವಳು ಒಳಗಿಳಿಯುವಳು. ಮೊದಮೊದಲು ಅವನು ಬೆಳಕು ಹಿಡಿಯಲೆಂದು ಜೊತೆಗೆ ಬರುತ್ತಿದ್ದ. ಆಮೇಲೆ ಒಂದೆರಡು ಮಾತು ಸೇರಿತು. ಆಮೇಲೆ ಅವನ ಅಕ್ಕ ತಮ್ಮನಿಗೆಂದು ನೋಡಿದ ಹೆಣ್ಣುಗಳ ಸುದ್ದಿ. ಒಬ್ಬಳಿಗೆ ಅವನ ಒಡಕು ದನಿ ಹಿಡಿಸಲಿಲ್ಲವಂತೆ, ಇನ್ನೊಬ್ಬಳು ಗುಹೆ ಎಂದ ಕೂಡಲೇ ಬಾವಲಿಗಳ ಬಗ್ಗೆಯೇ ಕೇಳಿದಳಂತೆ. ಅವಳು ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಾಗ, ಅವನು ಟಾರ್ಚನ್ನು ಗೋಡೆಯತ್ತ ತಿರುಗಿಸಿ, ಗೋಡೆ ಬಿಟ್ಟು ಅವಳನ್ನೇ ನೋಡುತ್ತಿದ್ದ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ನಡುವಯಸ್ಸು ದಾಟುತ್ತಿದ್ದ ಇಬ್ಬರಿಗೂ ಅದಕ್ಕಿಂತ ಮುಂದೆ ಹೋಗುವ ಧೈರ್ಯವಿರಲಿಲ್ಲ.

ಇತ್ತೀಚೆಗೆ ಕೊನೆಯ ಬ್ಯಾಚಿನ ನಂತರ ಮೀಟರಿನ ಅಂಕಿ ಇಳಿಯುತ್ತಲೇ ಇರಲಿಲ್ಲ. ಗುಹೆಗೆ ಸುಧಾರಿಸಿಕೊಳ್ಳಲು ಆಗುತ್ತಿಲ್ಲ, ಆ ಬ್ಯಾಚು ನಿಲ್ಲಿಸಿ ಎಂದು ಅವಳೇ ಬರೆದುಕೊಟ್ಟಿದ್ದಳು. ಬರೆಯುವಾಗ ಗೋಡೆ ಕಣ್ಣ ಮುಂದಿತ್ತು. ಬ್ಯಾಚು ಹೋದರೆ ಒಬ್ಬ ಗೈಡೂ ಹೋಗಬೇಕಾಗುತ್ತದೆ ಎಂಬುದು ಹೊಳೆದದ್ದು ನೋಟಿಸು ಓದಿದಾಗ.

ಆ ಸಂಜೆ ಅವಳು ಒಬ್ಬಳೇ ಇಳಿದು, ಮೀಟರ್ ನೋಡಿ, ಮತ್ತೊಮ್ಮೆ ನೋಡಿದಳು. ಅಂಕಿ ಇಳಿದಿತ್ತು. ಕೆಟ್ಟಿರಬೇಕೆಂದು ಬೆರಳಿನಿಂದ ತಟ್ಟಿದಳು. ಮಾರನೆಯ ಸಂಜೆಯೂ ಅಷ್ಟೇ. ಅದರ ಮಾರನೆಯ ಸಂಜೆಯೂ ಅಷ್ಟೇ. ಬ್ಯಾಚು ಎಂದಿನಂತೆ ತುಂಬಿಯೇ ಬಂದಿತ್ತು. ಆಮೇಲೆ ಅವಳ ಜೊತೆ ಇಳಿಯದಿದ್ದವನು ಅವನೊಬ್ಬನೇ.

ಅವಳು ಒದ್ದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಬಂದುಹೋಗುವವರ ಉಸಿರನ್ನೆಲ್ಲ ಲೆಕ್ಕ ಹಿಡಿದವಳು, ಮೀಟರಿನ ಪಕ್ಕದಲ್ಲೇ ನಿಂತು ನಗುತ್ತಿದ್ದ ತಾವಿಬ್ಬರೂ ಉಸಿರಾಡುತ್ತೇವೆ ಎಂಬುದನ್ನೇ ಮರೆತಿದ್ದಳು.

ಮ್ಯಾನೇಜರ್ ಎದುರು ಅದನ್ನು ಹೇಳುವಾಗ ಮುಖವೆಲ್ಲ ಬಿಸಿಯಾಯಿತು. ಅಂಗಡಿಯವರ ದೂರು ಕೇಳಿ ಕೇಳಿ ಹಣ್ಣಾಗಿದ್ದ ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ದಿನಾ ಅಷ್ಟು ಹೊತ್ತು ಏನ್ ಮಾತಾಡ್ತಿದ್ರಿ?"

"ಏನೂ ಇಲ್ಲ ಸರ್."

"ಏನೂ ಇಲ್ದೆ ಗೋಡೆ ಬೆವರುತ್ತಾ ಮೇಡಂ?"

ಇನ್ನೊಂದು ವಾರ ನೋಡೋಣ, ಅಂಕಿ ಹೀಗೇ ಇದ್ದರೆ ನೋಟಿಸು ತೆಗೆಸುತ್ತೇನೆ ಎಂದರು. ಆಮೇಲೆ, ಅವಳಿಗೆ ತಿಳಿಯದ ಒಂದು ಸಂಗತಿ ಹೇಳಿದರು. ಯಾರನ್ನು ಕೈಬಿಡುವುದೆಂದು ಗೈಡುಗಳನ್ನು ಕರೆದು ಕೇಳಿದಾಗ, ಉಳಿದವರಿಗೆ ಚಿಕ್ಕ ಮಕ್ಕಳಿದ್ದಾರೆ, ನಾನೇ ಹೋಗುತ್ತೇನೆ ಎಂದಿದ್ದನಂತೆ ಅವನು. ಮೇಡಂ ಸುಮ್ಮಸುಮ್ಮನೆ ಬರೆಯುವವರಲ್ಲ, ಗೋಡೆ ಉಳಿದರೆ ಸಾಕು ಎಂದೂ ಹೇಳಿದ್ದನಂತೆ.

ಅವಳು ಹೊರಬಂದಾಗ ಅವನು ಗುಹೆಯ ಬಾಗಿಲ ಬಳಿ, ಪ್ರವಾಸಿಗರು ಕಾಲೊರಸುವ ಉದ್ದನೆಯ ಮ್ಯಾಟನ್ನು ತೊಳೆಯುತ್ತಿದ್ದ. ಅವಳು ಅದರ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಹಿಂಡಿದರು. ನೀರು ಇಬ್ಬರ ಕಾಲ ಮೇಲೂ ಸುರಿಯಿತು.

ನಡೆದದ್ದನ್ನೆಲ್ಲ ಅವಳು ಹೇಳಿ ಮುಗಿಸಿದಾಗ ಅವನು ಮ್ಯಾಟನ್ನು ಇನ್ನೊಮ್ಮೆ ಹಿಂಡಿದ.

"ಸಿಟ್ಟಾಗಿದೀರಿ ಅಂದ್ಕೊಂಡಿದ್ದೆ" ಎಂದಳು.

"ಸಿಟ್ಟಲ್ಲ ಮೇಡಂ. ಹೇಗೂ ಹೋಗೋನು. ನಿಮ್ಮ ಹತ್ರ ನಿಂತು ಮಾತಾಡಿದ್ರೆ ಹೋಗೋಕೆ ಮನಸ್ಸು ಬರಲ್ಲ ಅನ್ನಿಸ್ತು. ದಿನವಿಡೀ ಮಾತಾಡಿ ಸುಸ್ತಾಗಿರುತ್ತೆ. ನಿಮ್ಮ ಜೊತೆ ಮಾತ್ರ ಸುಸ್ತಾಗಲ್ಲ."

ಅವಳು ಮ್ಯಾಟನ್ನು ಕಂಬಿಯ ಮೇಲೆ ಹರಡಿ, ಮಡಿಕೆ ಬಿಡಿಸುತ್ತ ನಿಂತಳು.

"ನಂಗೂ ಒಬ್ಬಳೇ ಊಟ ಮಾಡಿ ಸಾಕಾಗಿದೆ" ಎಂದಳು.

ಕಂಬಿಯ ಆಚೆ ಮಡಿಕೆ ಬಿಡಿಸುತ್ತಿದ್ದ ಅವನ ಕೈ ನಿಂತಿತು.

"ಇನ್ಮೇಲೆ ಗುಹೆಯಲ್ಲಿ ಮಾತಾಡೋ ಹಾಗಿಲ್ಲ ಅಲ್ವಾ?"

"ಇಲ್ಲ. ನಾನು ಒಬ್ಬಳೇ ಹೋಗಿ, ಅಂಕಿ ನೋಡಿ, ಬಂದುಬಿಡ್ತೀನಿ."

"ಮತ್ತೆ ಎಲ್ಲಿ ಮಾತಾಡೋದು?"

"ನಮ್ಮನೆ ಇದೆಯಲ್ಲ. ಸುಣ್ಣ ಹೊಡೆದ ಗೋಡೆ. ಎಷ್ಟು ಉಸಿರಾಡಿದ್ರೂ ಏನೂ ಆಗಲ್ಲ."

ಅವನು ನಕ್ಕ. ದಣಿದ ದನಿಯ ನಗೆ, ಅರ್ಧಕ್ಕೇ ಕೆಮ್ಮಾಯಿತು. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಅಕ್ಕನಿಗೆ ಫೋನ್ ಮಾಡಿ, ಇವತ್ತು ಊಟಕ್ಕೆ ಕಾಯಬೇಡ ಎಂದ.